ಅಪ್ಪನ ಗಂಟಲು, ಅಪ್ಪನ ಸಹಿ

ಮೊನ್ನೆ ಸಂಜೆ ಕೆಲಸ ಮುಗಿಸಿ ಬೊಮ್ಮನಹಳ್ಳಿ ಸ್ಟಾಪಿಗೆ ಬಂದಾಗ ಮೇಲ್ಸೇತುವೆಯ ಕೆಳಗೆ, ಕಂಬದ ಬುಡದಲ್ಲಿ, ಅವರೆಕಾಯಿ ರಾಶಿ ಬಿದ್ದಿತ್ತು. ಈ ವರ್ಷ ನಾನು ಕಂಡ ಮೊದಲ ರಾಶಿ. ಗಾರ್ಮೆಂಟ್ಸ್ ಬಿಟ್ಟು ಬಂದ ಹೆಂಗಸರು ಸುತ್ತಲೂ ಕುಕ್ಕರುಗಾಲಲ್ಲಿ ಕೂತು ಕಾಯಿ ಆರಿಸುತ್ತಿದ್ದರು. ಬಸ್ಸಿನ ಹೊಗೆ, ಚರಂಡಿಯ ವಾಸನೆ ಎಲ್ಲವನ್ನೂ ಸೀಳಿಕೊಂಡು ಸೊಗಡು ಮೂಗಿಗೆ ಬಡಿಯಿತು. ಬಸ್ಸು ಬಂದರೂ ಹತ್ತದೆ ಅಲ್ಲೇ ನಿಂತಿದ್ದೆ. ಎರಡು ವರ್ಷದ ಹಿಂದೆ, ಇಂಥದೇ ಮಂಜಿನ ದಿನಗಳಲ್ಲಿ, ಮನೆಯಲ್ಲಿ ಮೊರದ ಸುತ್ತ ಕೂತು ಅವರೆಕಾಯಿ ಸುಲಿಯುತ್ತಾ ನಾವೆಲ್ಲ ಒಬ್ಬರಿಗೊಬ್ಬರು ಸುಳ್ಳು ಹೇಳುತ್ತಿದ್ದೆವು.

ನಮ್ಮದು ಬೇಗೂರು. ಅಪ್ಪನ ಹೆಸರು ನಂಜಪ್ಪ. ಅಪ್ಪ ರಾಗಿ, ಅವರೆ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮೂರಂತಸ್ತಿನ ಕಟ್ಟಡವಿದೆ. ಸಾಲಾಗಿ ಒಂಟಿ ಕೋಣೆಗಳು. ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ, ಫ್ಯಾಕ್ಟರಿ ಕೆಲಸಕ್ಕೆ ಬಂದವರ ಸಂಸಾರಗಳು ಅಲ್ಲಿ ಬಾಡಿಗೆಗಿವೆ. ಕೆಳಗಿನ ಮನೆಯಲ್ಲಿ ಅಪ್ಪ, ಅಮ್ಮ ಗೌರಿ, ಅಣ್ಣ ರಮೇಶ. ನನ್ನನ್ನು ಮದುವೆ ಮಾಡಿ ಕೊಟ್ಟದ್ದು ಅದೇ ಬೀದಿಯ ಇನ್ನೊಂದು ತುದಿಗೆ. ಅಣ್ಣನಿಗೆ ನೀರಿನ ಟ್ಯಾಂಕರ್ ವ್ಯವಹಾರ, ನನಗೆ ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸಿನ ಟೈಮ್ ಆಫೀಸಿನಲ್ಲಿ ಕೆಲಸ.

ಅಪ್ಪ ಅಂದರೆ ದನಿ. ಹೊಲವಿದ್ದ ಕಾಲದಲ್ಲಿ ಈ ಬದುವಿನಲ್ಲಿ ನಿಂತು ಕೂಗಿದರೆ ಕೆರೆಯಾಚೆ ಎಮ್ಮೆ ಮೇಯಿಸುವವರು ಓ ಅನ್ನುತ್ತಿದ್ದರಂತೆ. ಹೊಲ ಹೋದ ಮೇಲೆ ಆ ದನಿ ಕಟ್ಟಡದೊಳಕ್ಕೆ ಬಂತು. ಬೆಳಗಾದರೆ ಅಂಗಳದಲ್ಲಿ ನಿಂತು ಮೂರನೇ ಮಹಡಿಯ ಬಾಡಿಗೆದಾರ ಶರಣಪ್ಪನಿಗೆ, “ಶರಣಪ್ಪಾ! ಟ್ಯಾಂಕು ತುಂಬಿ ಚೆಲ್ತಾ ಐತೆ ಕಣ್ಲಾ, ಮೋಟ್ರು ಆಪ್ ಮಾಡ್ಲಾ!” ಎಂದು ಕೂಗುವರು. ಇಡೀ ಬೀದಿ ಆ ಕೂಗಿಗೇ ಏಳುತ್ತಿತ್ತು. ನನ್ನ ಮನೆಯ ಅಡುಗೆಮನೆಗೂ ಅದು ಕೇಳುತ್ತಿತ್ತು.

ಆ ವರ್ಷ ಗೌರಿ ಹಬ್ಬದ ಹೊತ್ತಿಗೆ ದನಿ ಒಡೆಯಿತು. ನೆಗಡಿ ಅಂದುಕೊಂಡೆವು. ದಸರೆಗೆ ಪಿಸುಗುಟ್ಟುವ ಮಟ್ಟಕ್ಕೆ ಇಳಿಯಿತು. ಬೀಡಿ ಜಾಸ್ತಿ ಆಯಿತು ಅಂತ ಅಮ್ಮ ಬೈದಳು. ಬೇಗೂರು ರಸ್ತೆಯ ಕಿವಿ-ಮೂಗು-ಗಂಟಲಿನ ಡಾಕ್ಟರು ಮೂಗಿನಿಂದ ಕೊಳವೆ ಇಳಿಸಿ ನೋಡಿದವರು ಅಣ್ಣನನ್ನು ಮಾತ್ರ ಒಳಗೆ ಕರೆದರು. ಅಲ್ಲಿಂದ ಶುರುವಾಯಿತು. ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದು ಬಂತು. ಎಲೆಕ್ಟ್ರಾನಿಕ್ ಸಿಟಿ ಆಚೆಯ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು.

ಅಂದು ಸಂಜೆ ಅಣ್ಣ ನನ್ನನ್ನು ಬೀದಿಯ ಮೂಲೆಗೆ ಕರೆದು, ಟ್ಯಾಂಕರಿನ ಮರೆಯಲ್ಲಿ ನಿಂತು ಹೇಳಿದ: “ಅಪ್ಪನಿಗೆ ಹೇಳೋದು ಬೇಡ ಮಂಜು. ಬಿಪಿ ಇದೆ. ಕ್ಯಾನ್ಸರ್ ಅಂದ್ರೆ ಅಲ್ಲೇ ಕುಸಿದ್ಬಿಡ್ತಾರೆ. ಗಂಟಲಲ್ಲಿ ಗಡ್ಡೆ, ತೆಗೆಸಿದ್ರೆ ಸರಿಹೋಗುತ್ತೆ ಅಂತ ಹೇಳಿದ್ದೀನಿ. ಅಮ್ಮನಿಗೂ ಅಷ್ಟೇ.”

ನಾನು ತಲೆಯಾಡಿಸಿದೆ. ಬೇರೆ ಏನು ಮಾಡಬೇಕೆಂದು ನನಗೂ ತೋಚಲಿಲ್ಲ.

ಮುಂದಿನ ದಿನಗಳಲ್ಲಿ ನಾವು ಎಷ್ಟು ಹುಷಾರಾಗಿದ್ದೆವೆಂದರೆ, ಟಿವಿಯಲ್ಲಿ ತಂಬಾಕಿನ ಎಚ್ಚರಿಕೆ ಬಂದರೆ ಯಾರೋ ಒಬ್ಬರ ಕೈ ರಿಮೋಟಿಗೆ ಹೋಗುತ್ತಿತ್ತು. ಅಮ್ಮನಿಗೆ ಓದು ಬಾರದು. ಅಪ್ಪನಿಗೆ ಕನ್ನಡ ಓದಲು ಬರುತ್ತದೆ, ನಿಧಾನ, ಆದರೆ ಬೋರ್ಡು ಬಿಡುವವರಲ್ಲ. ಆಸ್ಪತ್ರೆಯ ಮುಂಬಾಗಿಲಿನ ಮೇಲೆ ಆಳೆತ್ತರದ ಅಕ್ಷರದಲ್ಲಿ ಕ್ಯಾನ್ಸರ್ ಅಂತ ಇತ್ತು. ಅಣ್ಣ ಕಾರನ್ನು ಹಿಂಬದಿಯಿಂದ ತಿರುಗಿಸಿ, ಆಂಬುಲೆನ್ಸ್ ಹೋಗುವ ದಾರಿಯಲ್ಲಿ ನುಗ್ಗಿಸಿ, ನೆಲಮಾಳಿಗೆಯಲ್ಲಿ ನಿಲ್ಲಿಸಿದ.

“ಯಾಕ್ಲಾ ಇತ್ಲಾಗಿಂದ?” ಎಂದು ಅಪ್ಪ ಪಿಸುಗುಟ್ಟಿದರು.

“ಮುಂದ್ಗಡೆ ಜಾಮ್ ಅಪ್ಪ.”

ಅಪ್ಪ ಕಾರಿನಿಂದ ಇಳಿದರು. ಲಿಫ್ಟಿನಲ್ಲಿ ನಮ್ಮಿಬ್ಬರ ಮುಖವನ್ನು ಒಂದಾದ ಮೇಲೊಂದು ನೋಡಿದರು. ನಾನು ಅಂಕಿ ಬದಲಾಗುವುದನ್ನೇ ನೋಡುತ್ತಾ ನಿಂತೆ.

ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರು ನನಗಿಂತ ಸ್ವಲ್ಪ ದೊಡ್ಡವರಿರಬೇಕು. ಸಣ್ಣ ದನಿ, ಸುಸ್ತಾದ ಕಣ್ಣು. ಸ್ಕ್ಯಾನು ಎಲ್ಲ ಆದ ಮೇಲೆ ಅಪ್ಪನನ್ನು ಹೊರಗೆ ಕುರ್ಚಿಯಲ್ಲಿ ಕೂರಿಸಿ ಅಣ್ಣ ನನ್ನನ್ನು ಎಳೆದುಕೊಂಡು ಒಳಗೆ ಹೋದ. ಕೂರುವ ಮೊದಲೇ ಹೇಳಿಬಿಟ್ಟ: “ಮೇಡಂ, ನಮ್ ತಂದೆಗೆ ಏನೂ ಗೊತ್ತಿಲ್ಲ. ದಯವಿಟ್ಟು ಹೇಳ್ಬೇಡಿ. ಆಪರೇಷನ್ ಯಾವತ್ತು ಅಂತ ಹೇಳಿ, ಸೈನ್ ನಾನು ಹಾಕ್ತೀನಿ. ಮಗ ನಾನು.”

ಡಾಕ್ಟರು ಪೆನ್ನನ್ನು ಮೇಜಿನ ಮೇಲಿಟ್ಟರು. “ಏನು ಆಪರೇಷನ್ ಅಂತ ನಿಮಗೆ ಗೊತ್ತಾ?”

“ಗಡ್ಡೆ ತೆಗೀತೀರಿ.”

“ಗಡ್ಡೆ ಮಾತ್ರ ತೆಗೆಯೋಕೆ ಆಗಲ್ಲ ರಮೇಶ್ ಅವರೇ. ಧ್ವನಿಪೆಟ್ಟಿಗೇನೇ ಪೂರ್ತಿ ತೆಗೀಬೇಕು. ಆಮೇಲೆ ಅವರು ಉಸಿರಾಡೋದು ಕುತ್ತಿಗೆಯಲ್ಲಿ ಮಾಡೋ ತೂತಿನಿಂದ, ಬದುಕಿರೋವರೆಗೂ. ಈಗಿರೋ ದನಿ ಹೋಗುತ್ತೆ.”

ಅಣ್ಣನ ಮುಖ ಬಿಳಿಚಿಕೊಂಡಿತು. ಮೋಟ್ರು ಆಪ್ ಮಾಡ್ಲಾ ಎನ್ನುವ ಆ ಕೂಗು ಇನ್ನೆಂದೂ ಇಲ್ಲ ಎಂದು ಒಂದು ಕ್ಷಣದಲ್ಲಿ ನನಗೆ ಅರ್ಥವಾಯಿತು. ಬಾಗಿಲಿನಾಚೆ ಅಪ್ಪ ಕೆಮ್ಮುವುದು ಕೇಳುತ್ತಿತ್ತು.

“ಹಾಗಿದ್ರೆ ಇನ್ನೂ ಹೇಳ್ಬಾರ್ದು,” ಎಂದ ಅಣ್ಣ. “ಹೇಳಿದ್ರೆ ಒಪ್ಪಲ್ಲ ಅವರು. ಸತ್ತೋಗ್ತಾರೆ. ಮೊದಲು ಜೀವ ಉಳಿಸಿ, ಆಮೇಲೆ ನಾನು ಸಮಾಧಾನ ಮಾಡ್ಕೋತೀನಿ.”

ಡಾಕ್ಟರು ಅಣ್ಣನ ಕಡೆ ಬಾಗಿದರು. “ನೀವು ಹೇಳೋದು ಪ್ರೀತಿಯಿಂದ, ಗೊತ್ತು ನನಗೆ. ಆದರೆ ಯೋಚನೆ ಮಾಡಿ. ಅವರು ಎಚ್ಚರ ಆದಾಗ ಮಾತು ಬರಲ್ಲ. ಯಾಕೆ ಬರ್ತಿಲ್ಲ ಅಂತ ಕೇಳೋಣ ಅಂದ್ರೆ ಕೇಳೋದಕ್ಕೂ ಆಗಲ್ಲ. ಅಂಥಾ ಸ್ಥಿತೀಲಿ ಒಬ್ಬ ಮನುಷ್ಯನ್ನ ನಾನು ಏಳಿಸಲ್ಲ. ಬುದ್ಧಿ ಸ್ಥಿಮಿತದಲ್ಲಿರೋ ರೋಗಿ ಇರೋವಾಗ ನಿಮ್ಮ ಸಹಿ ತಗೊಳ್ಳೋದಕ್ಕೂ ಬರಲ್ಲ. ಎಷ್ಟು ತಿಳ್ಕೊಬೇಕು ಅಂತ ಮೊದಲು ಅವರನ್ನೇ ಕೇಳ್ತೀನಿ. ನನಗೆ ಏನೂ ಬೇಡ, ಮಗನಿಗೆ ಹೇಳಿ ಅಂದ್ರೆ ಅದೂ ಅವರ ಹಕ್ಕು. ಆದರೆ ಅದನ್ನ ಅವರ ಬಾಯಿಂದ ಕೇಳ್ಬೇಕು ನಾನು.”

ಬೇರೆ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ ಅಂತ ಅಣ್ಣ ರೇಗಿದ. ಡಾಕ್ಟರು ಬೇಡ ಅನ್ನಲಿಲ್ಲ. ಇನ್ನೊಬ್ಬರ ಅಭಿಪ್ರಾಯ ಕೇಳುವುದು ಒಳ್ಳೆಯದೇ, ರಿಪೋರ್ಟು ಎಲ್ಲದರ ಪ್ರತಿ ಕೊಡಿಸುತ್ತೇನೆ, ತಡ ಮಾತ್ರ ಮಾಡಬೇಡಿ ಎಂದರು. ಆ ಮಾತಿಗೆ ಅಣ್ಣನ ಸಿಟ್ಟು ಇಳಿಯಿತು. ಕುರ್ಚಿಯಲ್ಲಿ ಕುಸಿದು ಕೂತ. “ಮಂಜು, ನೀನಾದ್ರೂ ಹೇಳೇ,” ಎಂದ.

“ಕರೀರಿ ಡಾಕ್ಟ್ರೇ,” ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು.

ಅಪ್ಪ ಬಂದು ಕೂತರು. ಟವೆಲನ್ನು ಮಡಿಲಲ್ಲಿ ಇಟ್ಟುಕೊಂಡರು. ಡಾಕ್ಟರು ಮೇಜಿನ ಆಚೆಯಿಂದ ಎದ್ದು ಬಂದು ಅವರ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು, “ನಂಜಪ್ಪನೋರೇ, ನಿಮ್ಮ ಕಾಯಿಲೆ ವಿಷಯ ಎಲ್ಲಾ ನಿಮಗೇ ಹೇಳ್ಲಾ? ಅಥವಾ ಮಕ್ಕಳಿಗೆ ಹೇಳಿದ್ರೆ ಸಾಕು ಅಂತೀರಾ?” ಎಂದು ಕೇಳಿದರು.

ಅಪ್ಪ ಅಣ್ಣನ ಕಡೆ ತಿರುಗಿದರು. ಅಣ್ಣ ನೆಲ ನೋಡುತ್ತಿದ್ದ.

“ಗಂಟ್ಲು ನಂದಲ್ವೇನಮ್ಮ,” ಎಂದರು ಆ ಒಡಕು ಪಿಸುದನಿಯಲ್ಲಿ. “ನಂಗೇ ಯೋಳಿ.”

ಡಾಕ್ಟರು ಕಾಗದದ ಮೇಲೆ ಗಂಟಲಿನ ಚಿತ್ರ ಬರೆದರು. ಕ್ಯಾನ್ಸರ್ ಎನ್ನುವ ಮಾತನ್ನು ಮರೆಮಾಚದೆ, ಒತ್ತಿಯೂ ಹೇಳದೆ ಹೇಳಿದರು. ಎರಡು ದಾರಿ ಇದೆ ಎಂದರು. ಒಂದು ಆಪರೇಷನ್, ಆಮೇಲೆ ರೇಡಿಯೇಷನ್. ಇನ್ನೊಂದು, ಪೆಟ್ಟಿಗೆಯನ್ನು ತೆಗೆಯದೆ ಔಷಧಿ ಮತ್ತು ರೇಡಿಯೇಷನ್ ಮಾತ್ರ. “ನಿಮ್ಮದು ಪಕ್ಕದ ಮೃದು ಎಲುಬಿಗೆ ಹತ್ತಿದೆ. ಎರಡನೇ ದಾರೀಲಿ ಪೂರ್ತಿ ಹೋಗೋ ಸಂಭವ ಕಡಿಮೆ. ಪೆಟ್ಟಿಗೆ ಉಳಿದ್ರೂ ದನಿ ಮೊದಲಿನ ಹಾಗೆ ಬರುತ್ತೆ ಅಂತ ಹೇಳಕ್ಕಾಗಲ್ಲ. ನನ್ನ ಸಲಹೆ ಆಪರೇಷನ್. ಆದರೆ ಆಯ್ಕೆ ನಿಮ್ಮದು. ಏನೂ ಮಾಡಿಸದಿದ್ರೆ ಅದು ಬೆಳೀತಾ ಹೋಗುತ್ತೆ. ಮುಂದೆ ಉಸಿರಾಟಕ್ಕೇ ಅಡ್ಡ ಬರುತ್ತೆ.”

ಅಪ್ಪ ಚಿತ್ರವನ್ನು ಕೈಗೆ ತೆಗೆದುಕೊಂಡು ದೂರ ಹಿಡಿದು ನೋಡಿದರು. ಏನೇನು ಹೋಗುತ್ತದೆ ಎಂದು ಕೇಳಿದರು. ದನಿ ಹೋಗುತ್ತದೆ. ತೂತಿನೊಳಗೆ ಒಂದು ಸಣ್ಣ ವಾಲ್ವ್ ಹಾಕಿ, ತೂತನ್ನು ಬೆರಳಿನಿಂದ ಒತ್ತಿ ಹಿಡಿದರೆ ಹೊಸ ಥರದ ಮಾತು ಬರಬಹುದು, ಎಲ್ಲರಿಗೂ ಒಂದೇ ರೀತಿ ಬರುವುದಿಲ್ಲ. ಮೂಗಿನಲ್ಲಿ ಗಾಳಿ ಆಡದ ಕಾರಣ ವಾಸನೆಯೂ ಸರಿಯಾಗಿ ತಿಳಿಯುವುದಿಲ್ಲ ಎಂದರು ಡಾಕ್ಟರು.

“ಅವರೆಕಾಯ್ ಸೊಗಡೂನಾ?”

“ಬಹುಶಃ ಅದೂ. ಅಭ್ಯಾಸ ಮಾಡಿದ್ರೆ ಸ್ವಲ್ಪ ಬರಬಹುದು. ಮಾತು ಕೊಡಲ್ಲ ನಾನು.”

ಅಪ್ಪ ತಲೆದೂಗಿದರು. “ಯೋಚ್ನೆ ಮಾಡ್ಬೇಕು ಡಾಕ್ಟ್ರಮ್ಮ. ವಸಿ ಟೈಮ್ ಕೊಡಿ.”

ವಾಪಸ್ಸು ಬರುವಾಗ ಬೊಮ್ಮನಹಳ್ಳಿ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅಪ್ಪ ಮೊದಲ ಸಲ ಬಾಯಿ ಬಿಟ್ಟರು. “ಯಾವಾಗ್ಲಿಂದ ಗೊತ್ತಿತ್ಲಾ ನಿಂಗೆ?” ಅಣ್ಣ ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಅತ್ತ. ಹಸಿರು ದೀಪ ಬಂತು, ಹಿಂದಿನವರು ಹಾರ್ನ್ ಹೊಡೆಯತೊಡಗಿದರು. ಅಪ್ಪ ಕೈಚಾಚಿ ಅವನ ಬೆನ್ನು ತಟ್ಟಿ, “ನಡಿಯಪ್ಪ, ನಡಿ, ಜನ ಬೈತಾವ್ರೆ,” ಎಂದರು. ಬೇಗೂರಿನ ತಿರುವಿಗೆ ಬಂದ ಮೇಲೆ ಮತ್ತೆ ಹೇಳಿದರು: “ನಿಮ್ಮವ್ವನಿಗೆ ಮಾತ್ರ ಬ್ಯಾಡ. ಅವ್ಳಿಗೆ ಬಿಪಿ ಐತೆ. ತಡ್ಕಳಕ್ಕಿಲ್ಲ.”

ನಾವಿಬ್ಬರೂ ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡೆವು. ಸರಿ ಅಪ್ಪ ಎಂದೆವು.

ಆಮೇಲಿನ ದಿನಗಳು ಮೊದಲಿನವಕ್ಕಿಂತ ಕಷ್ಟವಾದವು. ಈಗ ಸುಳ್ಳಿನೊಳಗೆ ಅಪ್ಪನೂ ಇದ್ದರು. ಅಮ್ಮ ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಾ, “ಗಡ್ಡೆ ತೆಗೆಸೋಕೆ ಇಷ್ಟ್ಯಾಕೆ ಓಡಾಡ್ತೀರಿ? ಬೇಗ ತೆಗೆಸ್ಕಂಡು ಬನ್ನಿ, ಮನೇಲಿ ಸದ್ದೇ ಇಲ್ಲ,” ಅನ್ನುವಳು. ಅಪ್ಪ ಹ್ಞೂಂ ಎಂದು ಮೆತ್ತಗೆ ಎದ್ದು ಮಹಡಿಗೆ ಹೋಗುವರು. ಅಲ್ಲಿ ನೀರಿನ ಟ್ಯಾಂಕಿನ ನೆರಳಿನಲ್ಲಿ ಒಬ್ಬರೇ ಕೂರುವರು. ನಾನು ಆಫೀಸಿನಲ್ಲಿ ಕೂತು ಹಾಜರಿ ನೋಡುವಾಗ ಫೋನ್ ಬಂದರೆ ಲೆಕ್ಕ ತಪ್ಪುತ್ತಿತ್ತು. ಅಪ್ಪ ಬೇಡ ಅಂದರೆ ಏನು ಗತಿ ಎಂದು ಹೆದರಿಕೆ. ಹ್ಞೂಂ ಅಂದರೆ ಏನಾಗುವುದೋ ಎಂದೂ ಅಷ್ಟೇ ಹೆದರಿಕೆ.

ಆಪರೇಷನ್ ಆದ ಒಬ್ಬರನ್ನು ನೋಡಬೇಕು ಎಂದು ಅಪ್ಪನೇ ಕೇಳಿದರು. ಡಾಕ್ಟರು ತಾವು ಹಿಂದೆ ಆಪರೇಷನ್ ಮಾಡಿದ್ದ ಬಷೀರ್ ಅನ್ನುವವರನ್ನು ಕೇಳಿ, ಅವರು ಒಪ್ಪಿದ ಮೇಲೆ, ಆಸ್ಪತ್ರೆಗೆ ಕರೆಸಿದರು. ಹೊಂಗಸಂದ್ರದಲ್ಲಿ ಆಟೋ ಓಡಿಸುತ್ತಿದ್ದವರು. ಇಸ್ತ್ರಿ ಮಾಡಿದ ಷರಟು, ಕುತ್ತಿಗೆಗೆ ತೆಳು ಬಟ್ಟೆ. ಮಾತಾಡುವಾಗ ಬಟ್ಟೆಯ ಮೇಲಿಂದಲೇ ಹೆಬ್ಬೆರಳನ್ನು ಕುತ್ತಿಗೆಗೆ ಒತ್ತುವರು. ದನಿ ದಪ್ಪವಾಗಿ, ಒರಟಾಗಿ, ತುಂಡುತುಂಡಾಗಿ ಬರುತ್ತಿತ್ತು. ಮೊದಲ ಸಲ ಕೇಳಿದಾಗ ನಾನು ಮುಖ ತಿರುಗಿಸಿಕೊಂಡೆ. ಅಪ್ಪ ಮಾತ್ರ ಮುಂದಕ್ಕೆ ಬಾಗಿ, ಹೊಸ ಪಂಪ್‌ಸೆಟ್ ನೋಡುವ ಹಾಗೆ ಅವರ ಕುತ್ತಿಗೆ ನೋಡುತ್ತಿದ್ದರು.

“ಕೂಗಕ್ಕಾಯ್ತದಾ?” ಎಂದು ಕೇಳಿದರು.

“ಕೂಗೋಕೆ ಆಗಲ್ಲ ಸಾಬ್,” ಎಂದರು ಬಷೀರ್. ಬೆರಳು ತೆಗೆದು ಉಸಿರೆಳೆದುಕೊಂಡು ಮತ್ತೆ ಒತ್ತಿದರು. “ಬೈಯೋಕೆ ಆಗ್ತೈತೆ.”

ಅಪ್ಪ ನಕ್ಕರು. ಶಬ್ದವಿಲ್ಲದ ನಗು, ಭುಜ ಮಾತ್ರ ಕುಣಿಯಿತು. ಆಮೇಲೆ ಬಷೀರ್ ನಗದೆ ಉಳಿದದ್ದನ್ನೂ ಹೇಳಿದರು. ಮೊದಲ ತಿಂಗಳುಗಳಲ್ಲಿ ಸಾಯಬೇಕು ಅನ್ನಿಸಿತ್ತಂತೆ. ತೂತಿನಲ್ಲಿ ಕಫ ಕಟ್ಟಿದರೆ ಜೀವ ಹೋದ ಹಾಗಾಗುತ್ತದೆ. ಸ್ನಾನ ಮಾಡುವಾಗ ನೀರು ಒಳಗೆ ಹೋಗದಂತೆ ನೋಡಿಕೊಳ್ಳಬೇಕು. ಮೊಮ್ಮಗಳು ಮೊದಲು ಹತ್ತಿರ ಬರುತ್ತಿರಲಿಲ್ಲ. “ಈಗ ಬರ್ತಾಳೆ,” ಎಂದರು.

ಅದಾದ ಮೇಲೆ ಅಪ್ಪ ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದರು.

ಆಸ್ಪತ್ರೆ ಸೇರುವ ಹಿಂದಿನ ದಿನ ಶರಣಪ್ಪ ನನ್ನನ್ನು ಗೇಟಿನ ಹತ್ತಿರ ತಡೆದ. “ಅಕ್ಕಾರ, ಯಜಮಾನ್ರು ನಂಗ ಎಲ್ಲಾ ಹೇಳ್ಯಾರ್ರಿ. ಇನ್ಮ್ಯಾಲ ಕೂಗೂದಿಲ್ಲ, ಮೋಟ್ರು ನೀನ ನೋಡ್ಕೋಬೇಕು ಅಂದ್ರು. ಅಮ್ಮಾರಿಗೆ ಮಾತ್ರ ಹೇಳಬ್ಯಾಡ ಅಂದಾರ್ರಿ.” ಅವನ ಕಣ್ಣು ತುಂಬಿತ್ತು. “ಅಮ್ಮಾರು ಎದುರಿಗೆ ಬಂದ್ರ ನಾ ಹ್ಯಾಂಗ್ ಮಾರಿ ತೋರಿಸ್ಲಿ?” ಅವನ ಹಿಂದೆ ನಲ್ಲಿಯ ಹತ್ತಿರ ನಿಂತ ಹೆಂಗಸರೂ ನನ್ನನ್ನೇ ನೋಡುತ್ತಿದ್ದರು. ಇಡೀ ಕಟ್ಟಡಕ್ಕೆ ಗೊತ್ತಿತ್ತು. ಒಳಗೆ ಅಮ್ಮ ಆಸ್ಪತ್ರೆಯ ಚೀಲಕ್ಕೆ ಲೋಟ, ಚಮಚ ತುಂಬುತ್ತಿದ್ದಳು.

ದಾಖಲಾದ ದಿನ ಸಂಜೆ ಒಪ್ಪಿಗೆ ಪತ್ರ ತಂದರು. ಕನ್ನಡದಲ್ಲೇ ಇತ್ತು. ಅಮ್ಮ ಕ್ಯಾಂಟೀನಿಗೆ ಹೋಗಿರುವ ಹೊತ್ತು ನೋಡಿ ಅಪ್ಪ ನನ್ನಿಂದ ಓದಿಸಿದರು. ಧ್ವನಿಪೆಟ್ಟಿಗೆಯನ್ನು ಸಂಪೂರ್ಣವಾಗಿ ತೆಗೆಯಲಾಗುವುದು ಎಂಬಲ್ಲಿ ನನ್ನ ನಾಲಿಗೆ ನಿಂತಿತು. “ಓದು,” ಎಂದರು. ರಕ್ತಸ್ರಾವ, ಸೋಂಕು, ಅರಿವಳಿಕೆಯ ಅಪಾಯ ಎಲ್ಲ ಓದಿದೆ. ಡಾಕ್ಟರು ಪಕ್ಕದಲ್ಲಿ ನಿಂತು ಅಪ್ಪ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಅಣ್ಣನ ಕೈ ಅಭ್ಯಾಸಬಲದಿಂದ ಪೆನ್ನಿಗೆ ಹೋಯಿತು, ಹಿಂದಕ್ಕೆ ಬಂತು. ಅಪ್ಪ ಎನ್. ನಂಜಪ್ಪ ಎಂದು ಒಂದೊಂದೇ ಅಕ್ಷರ ಕೂಡಿಸಿ ಬರೆದರು.

ಬೆಳಿಗ್ಗೆ ಹಸಿರು ಅಂಗಿ ತೊಡಿಸಿ ಟ್ರಾಲಿಯ ಮೇಲೆ ಮಲಗಿಸಿದರು. ಅಮ್ಮ ದೇವರ ಕುಂಕುಮ ಹಚ್ಚಲು ಹೋಗಿ, ನರ್ಸು ಬೇಡ ಎಂದದ್ದಕ್ಕೆ, ಹಣೆ ಸವರಿ ಸುಮ್ಮನಾದಳು. ಆಮೇಲೆ ಬಾಗಿ ಹೇಳಿದಳು: “ನಾನು ಆ ಬಾಗ್ಲತ್ರಾನೇ ಕುಂತಿರ್ತೀನಿ. ಎಚ್ರ ಆದೇಟ್ಗೆ ಗೌರೀ ಅಂತ ಒಂದ್ ಕಿತ ಕೂಗಿ. ಕೇಳಿಸ್ತದೆ ನಂಗೆ.”

ಅಪ್ಪ ಅವಳನ್ನು ನೋಡುತ್ತಲೇ ಇದ್ದರು. ಟ್ರಾಲಿ ಹೊರಟಿತು. ನಾನು ಪಕ್ಕದಲ್ಲಿ ನಡೆಯುತ್ತಿದ್ದೆ. ಅಪ್ಪನ ಕೈ ಟ್ರಾಲಿಯ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು. ಥಿಯೇಟರಿನ ಜೋಡಿ ಬಾಗಿಲು ತೆರೆದುಕೊಂಡಿತು, ತಣ್ಣನೆ ಗಾಳಿ ಬಂತು. ಆಗ ಅಪ್ಪ ಕೈ ಮೇಲೆತ್ತಿದರು.

“ನಿಲ್ಸಿ.”

ಟ್ರಾಲಿ ತಳ್ಳುವವನಿಗೆ ಕೇಳಿಸಲಿಲ್ಲ. ನಾನು ಅವನ ತೋಳು ಹಿಡಿದೆ. ತಲೆಗೆ ಟೋಪಿ ಕಟ್ಟಿಕೊಂಡೇ ಡಾಕ್ಟರು ಹೊರಗೆ ಬಂದರು.

“ಸಹಿ ಹಾಕಿವ್ನಿ,” ಎಂದರು ಅಪ್ಪ. “ಈಗ ಬ್ಯಾಡ ಅನ್ಬೌದಾ?”

“ಅನ್ನಬಹುದು. ಅರಿವಳಿಕೆ ಕೊಡೋ ತನಕ ಯಾವಾಗ ಬೇಕಾದ್ರೂ ಅನ್ನಬಹುದು. ಭಯ ಆಗ್ತಿದೆಯಾ?”

“ಭಯ ಐತೆ. ಅದಕ್ಕಲ್ಲ. ನಮ್ಮೋಳಿಗೆ ಯೋಳಿಲ್ಲ ನಾನು. ಗಡ್ಡೆ ಅಂದ್ಕಂಡವ್ಳೆ. ನಾನು ಕೂಗ್ತೀನಿ ಅಂತ ಅಲ್ಲಿ ಕುಂತವ್ಳೆ.”

ಡಾಕ್ಟರು ಗಡಿಯಾರ ನೋಡಿದರು. ಒಳಗೆ ಅವರಿಗಾಗಿ ಎಲ್ಲ ಸಿದ್ಧವಾಗಿತ್ತು. ಬೇಸರ ಅವರ ಮುಖದಲ್ಲಿ ಬಂದು ಹೋದದ್ದನ್ನು ನಾನು ಕಂಡೆ. “ಸರಿ,” ಎಂದರು. “ಹೋಗಿ ಹೇಳಿ. ಈ ವಾರದೊಳಗೇ ಇನ್ನೊಂದು ದಿನ ಹೊಂದಿಸ್ತೀನಿ. ಅದಕ್ಕಿಂತ ಮುಂದೂಡೋ ಹಾಗಿಲ್ಲ ನಂಜಪ್ಪನೋರೇ, ನಿಮಗೆ ಆ ಸಮಯ ಇಲ್ಲ.”

ಟ್ರಾಲಿ ಹಿಂದಿರುಗಿ ಬರುವುದನ್ನು ಕಂಡು ಅಣ್ಣ ಓಡಿಬಂದ. ವಿಷಯ ತಿಳಿದ ಮೇಲೆ ಕಾರಿಡಾರಿನಲ್ಲೇ ಕಿರುಚಿದ: “ಹುಚ್ಚಾ ಅಪ್ಪ ನಿನಗೆ? ಒಳಗೆ ಹೋಗಿದ್ರೆ ಮುಗೀತಿತ್ತಲ್ಲ! ಅಮ್ಮನಿಗೆ ನಾವು ಹೇಳ್ತಿದ್ವಲ್ಲ!” ಅಪ್ಪ ಅವನ ಕಡೆ ನೋಡಲಿಲ್ಲ. ವಾರ್ಡಿನ ಪರದೆ ಎಳೆಯಲು ನನಗೆ ಸನ್ನೆ ಮಾಡಿ, ಅಮ್ಮನನ್ನು ಹಾಸಿಗೆಯ ಅಂಚಿಗೆ ಕೂರಿಸಿಕೊಂಡು, ಉಳಿದಿದ್ದ ದನಿಯಲ್ಲಿ ಎಲ್ಲವನ್ನೂ ಹೇಳಿದರು. ಕ್ಯಾನ್ಸರ್ ಎಂದು, ತೂತು ಎಂದು, ಗೌರೀ ಅಂತ ಕೂಗಲಾಗುವುದಿಲ್ಲ ಎಂದು.

ಅಮ್ಮ ಅಳಲಿಲ್ಲ. ನನ್ನ ಕಡೆ ತಿರುಗಿ, “ನಿಂಗೂ ಗೊತ್ತಿತ್ತಾ?” ಎಂದಳು. ನಾನು ಹೌದೆಂದೆ.

“ಇನ್ಯಾರ್‍ಗೆ?”

“ಶರಣಪ್ಪನಿಗೆ,” ಎಂದರು ಅಪ್ಪ.

“ಶರಣಪ್ಪಂಗೆ,” ಎಂದಳು ಅಮ್ಮ, ಮೆಲ್ಲಗೆ. ಎದ್ದು ತನ್ನ ಚೀಲ ತೆಗೆದುಕೊಂಡು ಹೊರಟೇಬಿಟ್ಟಳು. ನಾನು ಹಿಂದೆ ಓಡಿದರೂ ಕೈ ಕೊಸರಿಕೊಂಡು, ಹೊಸೂರು ರಸ್ತೆಯಲ್ಲಿ ಸಿಕ್ಕ ಬಸ್ಸು ಹತ್ತಿದಳು. ಒಬ್ಬಳೇ ಅಷ್ಟು ದೂರ ಹೋದವಳಲ್ಲ ಅವಳು. ಮನೆ ಮುಟ್ಟಿದಳು ಎಂದು ಶರಣಪ್ಪ ಫೋನ್ ಮಾಡುವವರೆಗೆ ನಾನು ಆಸ್ಪತ್ರೆಯ ಗೇಟಿನಲ್ಲೇ ನಿಂತಿದ್ದೆ.

ಅಪ್ಪನನ್ನು ಮನೆಗೆ ಕರೆತಂದೆವು. ಅಮ್ಮ ಅಡುಗೆ ಮಾಡಿ ಬಡಿಸುವಳು, ಮಾತಿಲ್ಲ. ಅಪ್ಪನಿಗೆ ದನಿ ಇಲ್ಲ, ಅಣ್ಣನಿಗೆ ಮುಖವಿಲ್ಲ. ಅವಳ ಈ ಮೌನದಲ್ಲಿ ಆಪರೇಷನ್ನಿಗೆ ಗೊತ್ತುಮಾಡಿದ ಹೊಸ ದಿನವೂ ಕಳೆದುಹೋದರೆ ಎಂದು ನಾನು ಒದ್ದಾಡುತ್ತಿದ್ದೆ. ಮೂರನೆಯ ಬೆಳಿಗ್ಗೆ ಅವಳೇ ನನ್ನ ಮನೆಯ ಬಾಗಿಲಿಗೆ ಬಂದಳು. ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟಿದ್ದಳು. “ಆ ಡಾಕ್ಟ್ರತ್ರ ಕರ್ಕಂಡೋಗು. ನಾನು ಕೇಳ್ಬೇಕು.”

ಡಾಕ್ಟರ ಮುಂದೆ ಕೂತು ಅಮ್ಮ ಕೇಳಿದ್ದು ನಮ್ಮಲ್ಲಿ ಯಾರಿಗೂ ಹೊಳೆಯದೇ ಇದ್ದ ಪ್ರಶ್ನೆ. “ನಾನು ಅವ್ರ ಪಕ್ಕ ಮಲ್ಗೋಳು. ಮಲಗಿದ್ದಾಗ ತೂತು ಕಟ್ಕಂಡ್ರೆ ಕೂಗಾಕಾಗಲ್ವಲ್ಲ. ನಂಗೆಂಗೆ ತಿಳೀಬೇಕು?”

ಡಾಕ್ಟರು ನರ್ಸನ್ನು ಕರೆಸಿದರು. ಆ ಮಧ್ಯಾಹ್ನವೆಲ್ಲ ಅಮ್ಮ ಒಂದು ರಬ್ಬರ್ ಗೊಂಬೆಯ ಕುತ್ತಿಗೆಯಲ್ಲಿ ಕೊಳವೆ ಶುಚಿ ಮಾಡುವುದನ್ನು ಕಲಿತಳು. ಉಸಿರಿನ ಸದ್ದು ಬದಲಾದರೆ ಏನರ್ಥ, ಹಾಸಿಗೆಯ ಪಕ್ಕ ಗಂಟೆ ಇಡುವುದು, ಯಾವಾಗ ಆಸ್ಪತ್ರೆಗೆ ಓಡುವುದು ಎಲ್ಲ ಹೇಳಿಸಿಕೊಂಡಳು. ತಪ್ಪಾದರೆ ಮತ್ತೆ ಮೊದಲಿನಿಂದ. ನಡುವೆ ಒಂದು ಸಲ ನಿಲ್ಲಿಸಿ ಗೊಂಬೆಯನ್ನೇ ನೋಡುತ್ತಾ ಹೇಳಿದಳು: “ಅವ್ರು ಉಳ್ಕಂಡ್ರೆ ಇದ್ನೆಲ್ಲ ಮಾಡೋಳು ನಾನು. ನನ್ನೇ ಬಿಟ್ಬಿಟ್ಟು ಎಲ್ರೂ ಮಾತಾಡ್ಕಂಡವ್ರೆ.”

ಎರಡನೆಯ ಸಲ ಟ್ರಾಲಿ ಹೊರಟಾಗ ಅಮ್ಮ ಬಾಗಿಲವರೆಗೂ ಕೈ ಹಿಡಿದುಕೊಂಡೇ ಹೋದಳು. ಅಪ್ಪ ಅವಳ ಕಿವಿಯಲ್ಲಿ ಏನೋ ಹೇಳಿದರು. ಆ ದನಿಯ ಕೊನೆಯ ಮಾತು ಅದು. ಏನೆಂದು ಅಮ್ಮ ಇವತ್ತಿಗೂ ಹೇಳಿಲ್ಲ.

ಆ ದಿನದ ಕಾಯುವಿಕೆಯನ್ನು ಬರೆಯಲು ನನಗೆ ಬರುವುದಿಲ್ಲ. ಬೋರ್ಡಿನ ಮೇಲೆ ಹೆಸರುಗಳು ಬದಲಾಗುತ್ತಿದ್ದವು, ಅಪ್ಪನ ಹೆಸರಿನ ಮುಂದೆ ಆಪರೇಷನ್ ನಡೆಯುತ್ತಿದೆ ಎನ್ನುವ ಅದೇ ಕೆಂಪು ಬಣ್ಣ. ಪಕ್ಕದಲ್ಲಿ ಕೂತಿದ್ದವರ ಕಡೆಯವರು ಹೊರಗೆ ಬಂದರು, ಹೋದರು. ಒಂದು ಸಲ ನರ್ಸು ರಕ್ತದ ಚೀಲ ಹಿಡಿದು ಓಡಿದಾಗ ಅಣ್ಣ ಎದ್ದು ನಿಂತವನು ಮತ್ತೆ ಕೂರಲೇ ಇಲ್ಲ. ಹೊತ್ತು ಮುಳುಗುವ ವೇಳೆಗೆ ಡಾಕ್ಟರು ಬಂದು, ಆಯಿತು, ಕಣ್ಣಿಗೆ ಕಂಡಷ್ಟೂ ತೆಗೆದಿದ್ದೇವೆ, ಮುಂದಿನದು ಪರೀಕ್ಷೆಯ ವರದಿ ಬಂದ ಮೇಲೆ ಎಂದರು. ಅಣ್ಣ ಅವರಿಗೆ ಕೈ ಮುಗಿದ. ಅಮ್ಮ ಕೈ ಮುಗಿಯಲಿಲ್ಲ. ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು.

ಮುಂದೆ ರೇಡಿಯೇಷನ್ ಬಂತು, ನುಂಗಲಾಗದ ದಿನಗಳು ಬಂದವು. ಅಪ್ಪ ಗೋಡೆಯ ಕಡೆ ತಿರುಗಿ ಮಲಗಿ ಯಾರನ್ನೂ ನೋಡದ ವಾರಗಳೂ ಬಂದವು. ಇಂದು ಅವರು ಇದ್ದಾರೆ. ಹೆಬ್ಬೆರಳು ಒತ್ತಿ ಚಿಕ್ಕ ಚಿಕ್ಕ ಮಾತಾಡುತ್ತಾರೆ, ಫೋನಿನಲ್ಲಿ ಅವರ ಮಾತು ಅಪರಿಚಿತರಿಗೆ ಅರ್ಥವಾಗುವುದಿಲ್ಲ. ಪ್ರತಿ ತಪಾಸಣೆಗೂ ಹೆದರಿಕೊಂಡೇ ಹೋಗುತ್ತೇವೆ. ಆದರೆ ಡಾಕ್ಟರು ಈಗ ಮಾತು ಶುರು ಮಾಡುವುದು ಅಪ್ಪನ ಮುಖ ನೋಡಿಕೊಂಡು, ಅಮ್ಮ ಪಕ್ಕದಲ್ಲಿ ಕೂತ ಮೇಲೆ.

ಆ ದಿನಗಳಲ್ಲಿ ನನಗೆ ಹೆಚ್ಚು ನೆನಪಾಗುವುದು ಆಪರೇಷನ್ನಿನ ಮರುದಿನದ ಬೆಳಗು. ಐಸಿಯುಗೆ ಒಬ್ಬೊಬ್ಬರೇ ಎಂದಿದ್ದ ನರ್ಸು ಅಮ್ಮನ ಮುಖ ನೋಡಿ ಮೂವರನ್ನೂ ಸ್ವಲ್ಪ ಹೊತ್ತಿಗೆ ಬಿಟ್ಟರು. ಅಪ್ಪನ ಮೂಗಿನಲ್ಲಿ ಕೊಳವೆ, ಕುತ್ತಿಗೆಯ ಸುತ್ತ ಬಿಳಿ ಬಟ್ಟೆ, ಮಧ್ಯದಲ್ಲಿ ಉಸಿರು ಸುಯ್ಯೆಂದು ಹೋಗಿಬರುವ ತೂತು. ಮುಖ ಊದಿತ್ತು. ನಮ್ಮನ್ನು ಕಂಡು ಕಣ್ಣು ತೆರೆದು ತುಟಿ ಆಡಿಸಿದರು. ಸದ್ದಿಲ್ಲ.

“ನೋವಾ ಅಪ್ಪ?” ಎಂದ ಅಣ್ಣ. ಅಪ್ಪ ತಲೆ ಅಲ್ಲಾಡಿಸಲು ಹೋಗಿ ನಿಲ್ಲಿಸಿದರು. 

“ನೀರು ಬೇಕಾ?” ಎಂದೆ ನಾನು. ಅದೂ ಅಲ್ಲ. ಕಣ್ಣಿನಲ್ಲಿ ಅಸಹನೆ. ಮತ್ತೆ ತುಟಿ ಆಡಿಸಿದರು, ಅಮ್ಮನನ್ನೇ ನೋಡುತ್ತಾ. ಅಮ್ಮ ಹತ್ತಿರ ಬಾಗಿದಳು.

“ಊಟ ಮಾಡಿದ್ಯಾ ಅಂತಾವ್ರೆ,” ಎಂದಳು.

“ಮಾಡಿದ್ಲು ಅಪ್ಪ, ಈಗ್ತಾನೆ ಕ್ಯಾಂಟೀನಲ್ಲಿ ಮಾಡಿದ್ಲು, ನೀವು ಚಿಂತೆ ಮಾಡ್ಬೇಡಿ,” ಎಂದು ಅಣ್ಣ ಗಡಿಬಿಡಿಯಲ್ಲಿ ಹೇಳಿದ.

“ಇಲ್ಲ,” ಎಂದಳು ಅಮ್ಮ. “ಮಾಡಿಲ್ಲ. ನೆನ್ನೆಯಿಂದ ಏನೂ ತಿಂದಿಲ್ಲ ನಾನು.”

ಅಪ್ಪ ಅವಳನ್ನು ನೋಡಿದರು. ಹುಬ್ಬು ಗಂಟಿಕ್ಕಿತು. ಸೂಜಿ ಚುಚ್ಚಿದ್ದ ಕೈಯನ್ನು ಹಾಸಿಗೆಯಿಂದ ಮೆಲ್ಲಗೆ ಎತ್ತಿ, ಬೆರಳು ಚಾಚಿ, ಬಾಗಿಲು ತೋರಿಸಿದರು.

ಅಮ್ಮ ಸೆರಗು ಸರಿಮಾಡಿಕೊಂಡು ತಿನ್ನಲು ಹೋದಳು.